ಮೇಕೆ ಸೊರಗುತ್ತಿವೆ, ಹಸುವಿಗೆ ಉಣ್ಣೆ ಕಾಟ: ನಮ್ಮ ಕಡೆ ಏನು ಮಾಡುತ್ತೇವೆ

ಮದ್ದೂರು ಕಡೆಯ ಒಬ್ಬರು ಕೇಳಿದ್ದು: ನಮ್ಮದು ನಾಲೆ ಬಯಲಿನ ಊರು. ಎರಡು ಸೀಮೆ ಹಸು, ಒಂದಷ್ಟು ಮೇಕೆ ಇವೆ. ಮೂರು ತಿಂಗಳಿಗೊಮ್ಮೆ ಅಂಗಡಿಯವರು ಕೊಟ್ಟ ಜಂತುಹುಳದ ಔಷಧಿ ಕುಡಿಸುತ್ತೇವೆ. ಆದರೂ ಮೇಕೆ ಸೊರಗುತ್ತಿವೆ, ಎರಡಕ್ಕೆ ಗದ್ದದ ಕೆಳಗೆ ನೀರು ತುಂಬಿದ ಹಾಗೆ ಊದಿದೆ. ಹಸುವಿನ ಮೈತುಂಬಾ ಉಣ್ಣೆ. ಒಂದಕ್ಕೆ ಜ್ವರ ಬಂದು ಹಾಲು ಅರ್ಧಕ್ಕೆ ಇಳಿದಿದೆ. ಔಷಧಿ ಬದಲಿಸಬೇಕಾ, ಡೋಸ್ ಜಾಸ್ತಿ ಮಾಡಬೇಕಾ?

ಪಾಂಡವಪುರ ಕಡೆಯಿಂದ:

ಅಣ್ಣ, ಎರಡೂ ಈಗಲೇ ಬೇಡ. ಯಾವ ಹುಳ ಅಂತ ಮೊದಲು ಗೊತ್ತಾಗಲಿ. ನೀವು ಹೇಳಿದ ಗದ್ದದ ಊತ ಒಂದೇ ಹುಳದಿಂದ ಬರುವುದಲ್ಲ. ಮೈಯಲ್ಲಿ ರಕ್ತ ಕಡಿಮೆಯಾದಾಗ ಅಲ್ಲಿ ನೀರು ಇಳಿಯುತ್ತದೆ. ಹೊಟ್ಟೆಯ ಹುಳ ರಕ್ತ ಹೀರಿದರೂ ಊದುತ್ತದೆ, ಲಿವರ್‌ನಲ್ಲಿ ಎಲೆಯಂಥ ಚಪ್ಪಟೆ ಹುಳ ಸೇರಿಕೊಂಡರೂ ಊದುತ್ತದೆ. ಇವೆರಡಕ್ಕೂ ಔಷಧಿ ಬೇರೆ.

ಹೊಟ್ಟೆಯ ಹುಳದ ಹೆಸರು ಹೀಮಾಂಕಸ್. ಮೇಕೆಯ ನಾಲ್ಕನೇ ಹೊಟ್ಟೆಯಲ್ಲಿ ಕೂತು ರಕ್ತ ಹೀರುತ್ತದೆ. ಒಂದು ಹೆಣ್ಣು ಹುಳ ದಿನಕ್ಕೆ 5,000ದಿಂದ 10,000 ಮೊಟ್ಟೆ ಇಡುತ್ತದೆ. ಇದರಲ್ಲಿ ಭೇದಿ ಆಗುವುದು ಕಡಿಮೆ. ಹಿಕ್ಕೆ ಗಟ್ಟಿಯಾಗಿ, ಉಂಡೆ ಉಂಡೆಯಾಗಿ ಚೆನ್ನಾಗಿಯೇ ಬೀಳುತ್ತಿರುತ್ತದೆ, ಅದಕ್ಕೇ ನಮ್ಮ ಜನ ಹುಳ ಇರಲಾರದು ಅಂದುಕೊಳ್ಳುತ್ತಾರೆ. ಹಿಕ್ಕೆ ನೋಡಬೇಡಿ, ಕಣ್ಣು ನೋಡಿ. ಬೆಳಗಿನ ಬೆಳಕಿನಲ್ಲಿ ಮೇಕೆಯನ್ನು ಕಾಲುಗಳ ನಡುವೆ ಹಿಡಿದುಕೊಂಡು, ಒಂದು ಹೆಬ್ಬೆರಳಿನಿಂದ ಮೇಲಿನ ರೆಪ್ಪೆಯನ್ನು ಮೆಲ್ಲಗೆ ಒತ್ತಿ ಇನ್ನೊಂದರಿಂದ ಕೆಳಗಿನ ರೆಪ್ಪೆ ಇಳಿಸಿದರೆ ಒಳಗಿನ ತೊಗಲು ಕಾಣುತ್ತದೆ. ಕೆಂಪಾಗಿದ್ದರೆ ಸದ್ಯಕ್ಕೆ ಚಿಂತೆ ಇಲ್ಲ. ತಿಳಿ ಗುಲಾಬಿಯಾದರೆ ಔಷಧಿ ಬೇಕು. ಕಾಗದದಂತೆ ಬೆಳ್ಳಗಾಗಿದ್ದರೆ ಅವತ್ತೇ ಡಾಕ್ಟರ ಹತ್ತಿರ ಹೋಗಬೇಕು, ನಾಳೆ ಅನ್ನಬೇಡಿ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಹೀಗೆ ಎಲ್ಲ ಮೇಕೆಯ ಕಣ್ಣು ನೋಡುವುದು ಒಳ್ಳೆಯದು.

ಇನ್ನು ಎಲೆ ಹುಳ. ವಿಶ್ವೇಶ್ವರಯ್ಯ ನಾಲೆ ನೀರು ಬರುವ ಬಯಲಿನಲ್ಲಿ ನಾವು ಇದನ್ನು ಮರೆಯುವ ಹಾಗಿಲ್ಲ. ಗದ್ದೆ, ಕಾಲುವೆ, ಕೆರೆ ಅಂಚಿನಲ್ಲಿ ಸಣ್ಣ ಬಸವನಹುಳುಗಳು ಇರುತ್ತವಲ್ಲ, ಈ ಹುಳದ ಮರಿ ಬೆಳೆಯುವುದು ಅವುಗಳ ಹೊಟ್ಟೆಯಲ್ಲಿ. ಅಲ್ಲಿಂದ ಹೊರಬಂದು ನೀರಿನ ಅಂಚಿನ ಹುಲ್ಲಿಗೆ ಅಂಟಿಕೊಳ್ಳುತ್ತದೆ. ದನ, ಮೇಕೆ ಆ ಹುಲ್ಲು ಮೇದರೆ ಮುಗಿಯಿತು, ಲಿವರ್ ಸೇರುತ್ತದೆ. ಹಾಗಾಗಿ ಕಾಲುವೆ ಬದುವಿನ ಹಸಿ ಹುಲ್ಲು ಕೊಯ್ದು ಹಾಕುವವರು ನೀರಿಗೆ ತಾಗಿದ ಬುಡ ಬಿಟ್ಟು ಮೇಲಿಂದ ಕೊಯ್ಯಬೇಕು. ಚೆನ್ನಾಗಿ ಒಣಗಿಸಿ ಮೆದೆ ಹಾಕಿ ಇಟ್ಟ ಹುಲ್ಲಿನಿಂದ ಅಪಾಯ ಬಹಳ ಕಡಿಮೆ.

ನೀವು ಕುಡಿಸುತ್ತಿರುವ ಬಾಟಲಿ ತಿರುಗಿಸಿ ಹೆಸರು ಓದಿ. ಫೆನ್‌ಬೆಂಡಜೋಲ್ ಅಂತಿದ್ದರೆ ಅದು ಹೀಮಾಂಕಸ್‌ನಂಥ ದುಂಡು ಹುಳಕ್ಕೆ. ಎಲೆ ಹುಳಕ್ಕೆ ಅದನ್ನು ನೆಚ್ಚುವ ಹಾಗಿಲ್ಲ, ಡಾಕ್ಟರು ಸಾಮಾನ್ಯವಾಗಿ ಬರೆಯುವುದು ಆಕ್ಸಿಕ್ಲೋಜನೈಡ್ ಇರುವಂಥದ್ದು. ಆಲ್ಬೆಂಡಜೋಲ್ ಆದರೆ ಗಬ್ಬವಾದ ಮೊದಲ ದಿನಗಳಲ್ಲಿ ಕೊಡಲೇಬಾರದು, ಹೊಟ್ಟೆಯ ಮರಿಗೆ ತೊಂದರೆ ಆಗುತ್ತದೆ. ಒಂದೇ ಔಷಧಿಯನ್ನು ವರ್ಷಗಟ್ಟಲೆ, ಅದೂ ಕಡಿಮೆ ಡೋಸ್‌ನಲ್ಲಿ ಕುಡಿಸಿದರೆ ಸಾಯದೆ ಉಳಿದ ಹುಳಗಳೇ ಮರಿ ಹಾಕುತ್ತವೆ. ಆಮೇಲೆ ಎಷ್ಟು ಸುರಿದರೂ ಕೆಲಸ ಮಾಡುವುದಿಲ್ಲ. ಕುರಿಗಿಂತ ಮೇಕೆಯ ಮೈ ಇಂಥ ಔಷಧಿಯನ್ನು ಬೇಗ ಹೊರಹಾಕುತ್ತದೆ, ಕುರಿಯ ಡೋಸ್ ಮೇಕೆಗೆ ಸಾಲುವುದಿಲ್ಲ. ಎಷ್ಟು ಅನ್ನುವುದನ್ನು ಡಾಕ್ಟರೇ ಹೇಳಲಿ, ನೀವು ತೂಕ ಮಾತ್ರ ಸರಿಯಾಗಿ ಹೇಳಿ.

ತೂಕಕ್ಕೆ ತಕ್ಕಡಿ ಬೇಕಿಲ್ಲ, ದರ್ಜಿ ಟೇಪ್ ಸಾಕು. ಮುಂಗಾಲಿನ ಹಿಂದೆ ಎದೆ ಸುತ್ತಳತೆ, ಭುಜದಿಂದ ಪೃಷ್ಠದ ಮೂಳೆವರೆಗೆ ಉದ್ದ, ಎರಡನ್ನೂ ಇಂಚಿನಲ್ಲಿ ತೆಗೆದುಕೊಳ್ಳಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಹೆಚ್ಚೂ ಕಡಿಮೆ ಕೆಜಿ ಸಿಗುತ್ತದೆ. ಸುತ್ತಳತೆ 26, ಉದ್ದ 24 ಇದ್ದರೆ ಸುಮಾರು 24.5 ಕೆಜಿ.

ಪರೀಕ್ಷೆ ಕಷ್ಟವೇನಲ್ಲ. ನೆಲಕ್ಕೆ ಬಿದ್ದು ಒಣಗಿದ್ದು ಬೇಡ. ಆಗತಾನೇ ಹಾಕಿದ ಹಿಕ್ಕೆ, ಸಗಣಿ ಒಂದು ಹಿಡಿ ಸಣ್ಣ ಕವರಿನಲ್ಲಿ ಹಾಕಿ, ಯಾವ ಪ್ರಾಣಿಯದು ಅಂತ ಬರೆದು ಅವತ್ತೇ ಪಶು ಆಸ್ಪತ್ರೆಗೆ ಒಯ್ಯಿರಿ. ಎಲೆ ಹುಳದ ಮೊಟ್ಟೆಯನ್ನೂ ನೋಡಿ ಅಂತ ಬಾಯಿಬಿಟ್ಟು ಕೇಳಿ. ದುಂಡು ಹುಳದ ಮೊಟ್ಟೆ ಉಪ್ಪುನೀರಿನಲ್ಲಿ ತೇಲುತ್ತದೆ, ಎಲೆ ಹುಳದ್ದು ಭಾರ, ತಳಕ್ಕೆ ಇಳಿಯುತ್ತದೆ. ಬರೀ ಮೇಲೆ ತೇಲಿದ್ದನ್ನು ನೋಡಿದರೆ ಅದು ಸಿಗುವುದೇ ಇಲ್ಲ. ಔಷಧಿ ಕುಡಿಸಿ ಎರಡು ವಾರದ ಮೇಲೆ ಇನ್ನೊಮ್ಮೆ ಮಾಡಿಸಿದರೆ ಔಷಧಿ ಕೆಲಸ ಮಾಡಿತೋ ಇಲ್ಲವೋ ಗೊತ್ತಾಗುತ್ತದೆ.

ಮಳವಳ್ಳಿ ಕಡೆಯಿಂದ:

ನಮ್ಮದು ಬಂಡೂರು ಕುರಿ, ಜೊತೆಗೆ ನಾಲ್ಕು ಮೇಕೆ. ಮೇಲೆ ಅಣ್ಣ ಹೇಳಿದ್ದಕ್ಕೆ ಮೇಯಿಸುವ ವಿಚಾರ ಸೇರಿಸುತ್ತೇನೆ. ಹುಳದ ಮರಿ ಬೆಳಗಿನ ಇಬ್ಬನಿಯಲ್ಲಿ ಹುಲ್ಲಿನ ಮೇಲಕ್ಕೆ ಹತ್ತುತ್ತದೆ, ಅದೂ ಹೆಚ್ಚಾಗಿ ನೆಲದಿಂದ ಮೂರು ನಾಲ್ಕು ಬೆರಳು ಎತ್ತರದವರೆಗೆ ಮಾತ್ರ. ಅದಕ್ಕೇ ಬಿಸಿಲು ಏರಿ ಇಬ್ಬನಿ ಆರಿದ ಮೇಲೆ ಹೊರಗೆ ಬಿಡಿ. ಮೇಕೆ ಮೊದಲೇ ಸೊಪ್ಪು ತಿನ್ನುವ ಪ್ರಾಣಿ, ಬೇಲಿ ಸೊಪ್ಪು, ಅಗಸೆ, ಹಲಸಿನ ಎಲೆ ಎತ್ತರಕ್ಕೆ ಕಟ್ಟಿ ಹಾಕಿದರೆ ಹುಳದ ಕಾಟ ತಾನಾಗೇ ಕಡಿಮೆ. ನೆಲ ಕೆರೆದು ಮೇಯುವ ಹಾಗೆ ಒಂದೇ ಜಾಗದಲ್ಲಿ ದಿನಾ ಗೂಟಕ್ಕೆ ಕಟ್ಟಬೇಡಿ.

ಸಣ್ಣ ಮರಿಗಳಿಗೆ ಭೇದಿ, ಅದರಲ್ಲಿ ರಕ್ತ ಕಂಡರೆ ಜಂತುಹುಳ ಅಂತ ಸುಮ್ನೆ ಔಷಧಿ ಹಾಕಬೇಡಿ. ಅದು ಕಾಕ್ಸಿಡಿಯಾ ಅನ್ನುವ, ಕರುಳಿಗೆ ಸೇರುವ ಸೂಕ್ಷ್ಮಜೀವಿ ಇರಬಹುದು, ಹುಳದ ಔಷಧಿ ಅದಕ್ಕೆ ಹಿಡಿಯುವುದಿಲ್ಲ. ಒದ್ದೆ ನೆಲ, ಇಕ್ಕಟ್ಟು ಇದ್ದಲ್ಲಿ ಜಾಸ್ತಿ. ಮರಿ ಹುಟ್ಟಿದ ಒಂದೆರಡು ಗಂಟೆಯೊಳಗೆ ಗಿಣ್ಣು ಹಾಲು ಕುಡಿಸಿ. ಮಾಸು ಬೀಳಲಿ ಅಂತ ಕಾಯುವ ಪದ್ಧತಿ ಇನ್ನೂ ಕೆಲವು ಮನೆಯಲ್ಲಿದೆ, ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಆ ಹಾಲಿನಲ್ಲೇ ಅಲ್ವಾ ಮರಿಯ ಶಕ್ತಿ ಇರುವುದು!

ಲಸಿಕೆ ಬಿಡಬೇಡಿ. ಪಿಪಿಆರ್ ಅನ್ನುವ, ಕುರಿ ಮೇಕೆಗೆ ಹರಡುವ ವೈರಸ್ ರೋಗದ ಲಸಿಕೆ ಒಮ್ಮೆ ಹಾಕಿಸಿದರೆ ಮೂರು ವರ್ಷ ತಡೆಯುತ್ತದೆ, ಕರುಳು ಬೇನೆಯದ್ದು ಪ್ರತಿ ವರ್ಷ ಮಳೆಗೆ ಮುಂಚೆ. ಹೊಸ ಹುಲ್ಲು ಚಿಗುರಿದಾಗ ಹೊಟ್ಟೆಬಾಕ ಮರಿಯೇ ರಾತ್ರೋರಾತ್ರಿ ಸಾಯುವುದು ಆ ಬೇನೆಯಿಂದ.

ನಂಜನಗೂಡು ಕಡೆಯಿಂದ:

ಉಣ್ಣೆ ಬಗ್ಗೆ ಯಾರೂ ಹೇಳಲಿಲ್ಲ. ಆ ಜ್ವರ ಬಂದ ಹಸುವನ್ನು ಮೊದಲು ನೋಡಿ. ಹಸುವಿನ ಮೈ ಬಿಸಿ ಸಾಮಾನ್ಯವಾಗಿ 101.5 ಡಿಗ್ರಿ ಆಸುಪಾಸು. ಉಣ್ಣೆ ಜ್ವರದಲ್ಲಿ 104 ದಾಟುತ್ತದೆ, ಭುಜದ ಮುಂದೆ ಗಂಟು ಕೈಗೆ ಸಿಗುತ್ತದೆ, ಕಣ್ಣು ಬಿಳಿಚಿಕೊಳ್ಳುತ್ತದೆ. ಗಂಜಲ ಕಾಫಿ ಬಣ್ಣಕ್ಕೆ ತಿರುಗಿದರೆ ಅದು ಇನ್ನೊಂದು ಬಗೆಯ ಉಣ್ಣೆ ಕಾಯಿಲೆ. ಎರಡೂ ರಕ್ತದ ರೋಗ, ಎರಡಕ್ಕೂ ಚುಚ್ಚುಮದ್ದು ಬೇರೆ. ಜ್ವರದ ಮಾತ್ರೆ ಕೊಟ್ಟು ಕಾಯಬೇಡಿ, ರಕ್ತದ ಹನಿಯನ್ನು ಗಾಜಿನ ಮೇಲೆ ಬಳಿದು ನೋಡುವ ಲೇಪ ಪರೀಕ್ಷೆ ಮಾಡಿಸಿ. ಹಳ್ಳಿಕಾರ್ ತಡೆದುಕೊಳ್ಳುವಷ್ಟು ಸೀಮೆ ಹಸು ತಡೆಯುವುದಿಲ್ಲ.

ಉಣ್ಣೆಯ ಮನೆ ಹಸುವಿನ ಮೈಯಲ್ಲ, ಕೊಟ್ಟಿಗೆ. ರಕ್ತ ಕುಡಿದು ದಪ್ಪಗಾದ ಹೆಣ್ಣು ಉಣ್ಣೆ ಉದುರಿ, ಗೋಡೆ ಬಿರುಕು, ಗೋದಲಿ ಸಂದಿ, ಕಲ್ಲಿನ ಅಡಿಗೆ ಹೋಗಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಒಂದು ಸಂಜೆ ಟಾರ್ಚ್ ಹಿಡಿದು ಬಿರುಕಿನೊಳಗೆ ಕಡ್ಡಿ ಹಾಕಿ ಕೆದಕಿ, ಕಂದು ಬಣ್ಣದ ಮೊಟ್ಟೆ ಮುದ್ದೆ ಮುದ್ದೆಯಾಗಿ ಉದುರುತ್ತದೆ. ನಾವು ಸಂದಿಗೆಲ್ಲ ಸಿಮೆಂಟ್ ಮೆತ್ತಿ, ಗೋಡೆಗೆ ಸುಣ್ಣ ಹೊಡೆಸಿದೆವು. ಮೈಗೆ ಔಷಧಿ ಹೊಡೆದ ದಿನವೇ ಕೊಟ್ಟಿಗೆಗೂ ಹೊಡೆಯಬೇಕು, ಎರಡು ವಾರ ಬಿಟ್ಟು ಮತ್ತೆ. ಕಿವಿಯ ಒಳಗೆ, ಬಾಲದ ಬುಡ, ಕೆಚ್ಚಲ ಸಂದು ಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥ.

ಎರಡು ಎಚ್ಚರ. ಡೆಲ್ಟಾಮೆಥ್ರಿನ್, ಅಮಿಟ್ರಾಜ್‌ನಂಥ ಉಣ್ಣೆ ಔಷಧಿಯನ್ನು ಚೀಟಿಯಲ್ಲಿ ಬರೆದಷ್ಟೇ ನೀರಿಗೆ ಬೆರೆಸಬೇಕು. ಗಾಳಿಗೆ ಎದುರು ನಿಂತು ಹೊಡೆಯಬೇಡಿ, ಹಸು ಮೈ ನೆಕ್ಕದಂತೆ ಒಣಗುವವರೆಗೆ ಗಿಡ್ಡ ಕಟ್ಟಿ. ಇನ್ನು ಹುಳ, ಉಣ್ಣೆಗೆ ಹಾಕುವ ಐವರ್ಮೆಕ್ಟಿನ್ ಚುಚ್ಚುಮದ್ದು ಹಾಲು ಕರೆಯುವ ಹಸುವಿಗೆ ಬೇಡ, ಹಾಲಿನಲ್ಲಿ ಬಹಳ ದಿನ ಉಳಿಯುತ್ತದೆ. ಆ ಹಾಲು ಡೈರಿಗೂ ಹೋಗುತ್ತದೆ, ನಮ್ಮ ಮಕ್ಕಳೂ ಕುಡಿಯುತ್ತಾರೆ.

ಹಸು ಮೇಲೇಳದೆ ಬಿದ್ದಿದ್ದರೆ, ಆಸ್ಪತ್ರೆ ದೂರವಿದ್ದರೆ 1962ಕ್ಕೆ ಫೋನ್ ಮಾಡಿ, ಸಂಚಾರಿ ಪಶು ಆಂಬುಲೆನ್ಸ್ ಬರುತ್ತದೆ.

ಮತ್ತೆ ಪಾಂಡವಪುರ ಕಡೆಯಿಂದ:

ನಂಜನಗೂಡಿನವರ ಮಾತು ಸರಿ, ಜ್ವರದ ಹಸುವೇ ಮೊದಲು, ಇವತ್ತೇ. ಊತ ಇರುವ ಆ ಎರಡು ಮೇಕೆಯನ್ನೂ ಜೊತೆಗೇ ತೋರಿಸಿ, ಉಳಿದವುಗಳ ಹಿಕ್ಕೆ ನಾಳೆ ಬೆಳಿಗ್ಗೆ ಒಯ್ದರೂ ಆಯಿತು. ಯಾವ ಹುಳ ಅಂತ ಗೊತ್ತಾದ ಮೇಲೆ ಇಲ್ಲಿ ಬರೆಯಿರಿ, ನಾಲೆ ಬಯಲಿನ ಬೇರೆಯವರಿಗೂ ಬೇಕಾಗುತ್ತದೆ.