ಮೂರು ಲಕ್ಷದೊಳಗೆ ಲಗ್ನ: ಅನುಭವ ಇದ್ದವರು ದಯವಿಟ್ಟು ತಿಳಿಸಿ

ವಿಜಯಪುರದ ವಧು: ಬರುವ ವೈಶಾಖದಲ್ಲಿ ನನ್ನ ಲಗ್ನ. ಬಂಗಾರ ಬಿಟ್ಟು ಕೈಯಲ್ಲಿರುವುದು ಮೂರು ಲಕ್ಷ ರೂಪಾಯಿ, ಕರೆಯಬೇಕೆಂದಿರುವುದು 200 ಜನರನ್ನು. ಡಾಲ್ಬಿ, ಮೆರವಣಿಗೆ ಬೇಡ. ನಾಲ್ಕು ವಚನ ಹಾಡಿಸಿ, ನಮ್ಮದೇ ಮಾತಿನಲ್ಲಿ ಪ್ರತಿಜ್ಞೆ ಮಾಡಿ, ಹಿರಿಯರಿಂದ ಅಕ್ಕಿಕಾಳು ಹಾಕಿಸಿಕೊಳ್ಳಬೇಕೆಂಬುದು ನಮ್ಮಿಬ್ಬರ ಆಸೆ. ಮಂಗಲ ಕಾರ್ಯಾಲಯ ಹಿಡಿಯುವುದೋ, ಗುಡಿಯಲ್ಲಿ ಮಾಡುವುದೋ, ಮನೆಯ ಮುಂದೆ ಹಂದರ ಹಾಕುವುದೋ ತಿಳಿಯುತ್ತಿಲ್ಲ.

ಜಮಖಂಡಿಯ ತಂದೆ: ಮಗಳೇ, ಹಂದರವನ್ನೇ ಹಾಕಿಸು. ಕಾರ್ಯಾಲಯದವರು ಬಾಡಿಗೆ 90,000 ಎಂದು ಹೇಳಿ, ಅದರ ಮೇಲೆ ಕರೆಂಟು, ಜನರೇಟರಿನ ಡೀಸೆಲ್, ಕಸ ಬಳಿಯುವವರ ಕೂಲಿ ಎಂದು ಒಂದೊಂದಾಗಿ ಸೇರಿಸತೊಡಗಿದಾಗ ನಾನು ಎದ್ದು ಬಂದು ತೋಟದ ಮನೆಯ ಮುಂದೆಯೇ ಮಗಳ ಲಗ್ನ ಮಾಡಿದೆ. ಲೆಕ್ಕ ಇಂದಿಗೂ ನನ್ನ ಬಾಯಲ್ಲಿದೆ: ಕಿರಾಣಿ 62,000, ಅಡುಗೆಯವರ ಕೂಲಿ 18,000, ಶಾಮಿಯಾನ ಮತ್ತು ಪಾತ್ರೆ 38,000, ಒಂದಕ್ಕೆ 8 ರೂಪಾಯಿಯಂತೆ 1,500 ಜೋಳದ ರೊಟ್ಟಿಗೆ 12,000, ಎರಡು ಟ್ಯಾಂಕರ್ ನೀರಿಗೆ 1,600. ಕರೆದದ್ದು 400 ಜನರನ್ನು, ಉಂಡು ಹೋದವರು 700. ಗೋಧಿ ಹುಗ್ಗಿ ಎರಡನೆಯ ಪಂಕ್ತಿಗೇ ತಳ ಕಂಡಿತು. ಬೀಗರ ಕಡೆಯ ಹಿರಿಯರೊಬ್ಬರು ಎಲೆಯ ಮುಂದೆ ಕುಳಿತುಕೊಂಡೇ, ಈ ಊರಿನಲ್ಲಿ ಬೆಲ್ಲದ ಬರಗಾಲವೇ ಎಂದು ಕೇಳಿದರು. ಕಬ್ಬು ಬೆಳೆಯುವವನ ಮನೆಯಲ್ಲಿ ಆಡುವ ಮಾತೇ ಇದು? ಸಾಲದ್ದಕ್ಕೆ ಹಿಂದಿನ ಸಂಜೆ ಬೀಸಿದ ಗಾಳಿಗೆ ಶಾಮಿಯಾನ ಹರಿದಿತ್ತು. ಅದರ ಮಾಲೀಕ 9,000 ಹೆಚ್ಚಿಗೆ ಕಿತ್ತುಕೊಂಡ. ಒಟ್ಟು 1,40,600. ಜವಳಿ ಸಂತೆಯ ಲೆಕ್ಕ ಬೇರೆ.

ಬೆಳಗಾವಿಯ ಸೊಸೆ: ನಮ್ಮದು 1954ರ ವಿಶೇಷ ವಿವಾಹ ಕಾಯ್ದೆಯಡಿ ನೋಂದಣಿ ಕಚೇರಿಯಲ್ಲಿ ಆದ ಮದುವೆ. ಕಚೇರಿಯ ಶುಲ್ಕ ಲೆಕ್ಕಕ್ಕೇ ಇಲ್ಲ. ಎರಡು ಮಾಲೆಗೆ 1,200, ನನ್ನ ಇಳಕಲ್ ಸೀರೆಗೆ 6,500, ಅವರ ಬಟ್ಟೆಗೆ 2,400, ಖಾನಾವಳಿಯಲ್ಲಿ 45 ಜನರ ಊಟಕ್ಕೆ ತಲೆಗೆ 220ರಂತೆ 9,900. ಸರಿಯಾಗಿ 20,000 ರೂಪಾಯಿಗೆ ಮುಗಿಯಿತು. ಆದರೆ ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸವಿದ್ದು ನೋಟಿಸು ಕೊಡಬೇಕು, ಆಮೇಲೆ ಮತ್ತೆ 30 ದಿನ ಕಾಯಬೇಕು, ನೋಟಿಸು ಕೊಟ್ಟ ಮೂರು ತಿಂಗಳೊಳಗೆ ಮದುವೆ ಆಗಬೇಕು, ಸಹಿ ಹಾಕಲು ಮೂವರು ಸಾಕ್ಷಿಗಳು ಬೇಕು. ಆ ನೋಟಿಸನ್ನು ಕಚೇರಿಯ ಗೋಡೆಗೆ ಅಂಟಿಸುತ್ತಾರೆ. ಹೊಲದ ಕಾಗದಕ್ಕೆಂದು ಬಂದಿದ್ದ ನಮ್ಮೂರಿನವರೊಬ್ಬರು ಅದನ್ನು ಓದಿ, ಸಂಜೆಯೊಳಗೆ ನಮ್ಮ ಕಾಕಾನ ಕಿವಿಗೆ ಹಾಕಿದ್ದರು. ಮುಂದಿನ ವಾರವೆಲ್ಲ ಮನೆಯಲ್ಲಿ ಒಲೆ ಹೊತ್ತಿದ್ದೇ ಕಡಿಮೆ. ಮಾವನವರು ಹಟ ಹಿಡಿದು ತಮ್ಮ ಊರಿನಲ್ಲಿ 1,80,000 ಖರ್ಚು ಮಾಡಿ ಊಟ ಹಾಕಿಸಿದರು. ಅದು ಅವರ ಖುಷಿ, ನಮ್ಮ ಮದುವೆಯ ಖರ್ಚಲ್ಲ.

ಜಮಖಂಡಿಯ ತಂದೆ: ಅಕ್ಕನವರೇ, 20,000ಕ್ಕೆ 1,80,000 ಕೂಡಿಸಿದರೆ ಎರಡು ಲಕ್ಷವಾಗುತ್ತದೆ. ಮಾವನ ಕಿಸೆಯಿಂದ ಹೋದದ್ದು ದುಡ್ಡಲ್ಲವೇ?

ಬೆಳಗಾವಿಯ ಸೊಸೆ: ಕರೆಯದೆ ಬಂದ 300 ಜನರಿಗೆ ಉಣ್ಣಿಸಿದವರು ನನಗೆ ಲೆಕ್ಕ ಹೇಳಿಕೊಡಬೇಕಾಗಿಲ್ಲ.

ಹುನಗುಂದದವ: ನಾವು ಸಾಮೂಹಿಕ ವಿವಾಹದಲ್ಲಿ ಆದವರು. ತಾಳಿ, ಬಟ್ಟೆ, ಊಟ ಎಲ್ಲವೂ ಮಠದ್ದು. ನಮ್ಮ ಖರ್ಚು ಎಂದರೆ ಎರಡು ಕ್ರೂಸರ್ ಗಾಡಿಯ ಬಾಡಿಗೆ ಮತ್ತು ಓಣಿಗೆ ಹಂಚಿದ ಬೂಂದಿ. ಮುಹೂರ್ತ 11 ಗಂಟೆಗೆ ಎಂದು ಪತ್ರಿಕೆಯಲ್ಲಿತ್ತು. ವೇದಿಕೆಯ ಮೇಲಿದ್ದ ಗಣ್ಯರ ಭಾಷಣ ಮುಗಿದು ಅಕ್ಕಿಕಾಳು ಬೀಳುವಷ್ಟರಲ್ಲಿ ಎರಡು ದಾಟಿತ್ತು, ಬಾಸಿಂಗದ ದಾರ ಬೆವರಿಗೆ ಹಣೆಗೆ ಅಂಟಿಕೊಂಡಿತ್ತು. ಅದಕ್ಕಿಂತ ಹೆಚ್ಚು ಸುಟ್ಟದ್ದು ಸೋದರಮಾವನ ಮಾತು: ಬಡವರ ಲಗ್ನ ಎಂದರು. ಅವರ ಮಗನ ಲಗ್ನಕ್ಕೆ ಮಾಡಿದ ಸಾಲ ಇನ್ನೂ ತೀರಿಲ್ಲ, ನನಗೆ ಒಂದು ರೂಪಾಯಿ ಸಾಲವಿಲ್ಲ. 2020ರಲ್ಲಿ ಗುಡಿಗಳಲ್ಲಿ ಸಾಮೂಹಿಕ ವಿವಾಹ ಮಾಡಿಸುವ ಮುಜರಾಯಿ ಇಲಾಖೆಯ ಸಪ್ತಪದಿ ಯೋಜನೆ ಬಂದಾಗ ವಧುವಿಗೆ 40,000 ರೂಪಾಯಿಯ 8 ಗ್ರಾಂ ಬಂಗಾರ ಮತ್ತು ಸೀರೆಗೆ 10,000, ವರನಿಗೆ 5,000 ಎಂದು ಘೋಷಿಸಿದ್ದರು. ಆಗ ನಕ್ಕವರು ಇಂದು 40,000ಕ್ಕೆ ಎಷ್ಟು ಗ್ರಾಂ ಬರುತ್ತದೆ ಎಂದು ಸರಾಫರ ಅಂಗಡಿಯಲ್ಲಿ ಕೇಳಿ ನೋಡಲಿ.

ಮುದ್ದೇಬಿಹಾಳದ ಹಿರಿಯರು: ಎಲ್ಲರೂ ಊಟ, ಬಂಗಾರ ಎನ್ನುತ್ತೀರಿ, ಲಗ್ನದಲ್ಲಿ ವೀರಭದ್ರನಿಗೆ ಮಾಡುವ ಗುಗ್ಗಳದ ಮಾತನ್ನು ಒಬ್ಬರೂ ಎತ್ತಲಿಲ್ಲ. ನಮ್ಮ ಮನೆಯಲ್ಲಿ ಒಡಪು ಹೇಳಿ ಕುಣಿಯುವ ಪುರವಂತರಿಗೆ ಮತ್ತು ಸಂಬಾಳ ಬಾರಿಸುವವರಿಗೆ ಸೇರಿ 15,000 ಆಯಿತು. ಬೇರೆ ಎಲ್ಲವನ್ನೂ ಕಡಿಮೆ ಮಾಡಿದೆವು, ವೀರಭದ್ರನ ಕಾರ್ಯವನ್ನು ಮಾತ್ರ ಬಿಡಲಿಲ್ಲ.

ಬೆಳಗಾವಿಯ ಸೊಸೆ: ವಚನ ಹಾಡಿಸಿ ಲಗ್ನವಾಗುತ್ತೇನೆ ಎನ್ನುವ ಹುಡುಗಿಗೆ ಗುಗ್ಗಳದ ಖರ್ಚು ಹೇರುತ್ತಿದ್ದೀರಲ್ಲ ಹಿರಿಯರೇ, ಆ 15,000ಕ್ಕೆ ನನ್ನ ಮದುವೆಯ ಮುಕ್ಕಾಲು ಭಾಗ ಮುಗಿಯುತ್ತಿತ್ತು.

ಮುದ್ದೇಬಿಹಾಳದ ಹಿರಿಯರು: ನಾನು ಹೇರಲಿಲ್ಲ ತಾಯಿ, ನಮ್ಮ ಮನೆಯ ಪದ್ಧತಿ ಹೇಳಿದೆ. ನಿಮ್ಮ ಮನೆದೇವರು ಯಾರು ಎಂದು ನಾನು ಕೇಳಿದೆನೇ?

ಇಳಕಲ್ಲಿನ ನೇಕಾರರ ಮನೆಯವಳು: ಜಗಳ ಸಾಕು. ಮನೆ ಮುರಿಯುವ ಖರ್ಚು ಆಯೇರಿಯದು, ಅಂದರೆ ಲಗ್ನದಲ್ಲಿ ಕೊಟ್ಟು ತೆಗೆದುಕೊಳ್ಳುವ ಬಟ್ಟೆ, ಉಡುಗೊರೆಯದು. ನಮ್ಮ ನಾದಿನಿಯ ಲಗ್ನದಲ್ಲಿ 350 ರೂಪಾಯಿಯಂತೆ 60 ಪವರ್‌ಲೂಮ್ ಸೀರೆ ತಂದರು, 21,000 ನೀರಿನಲ್ಲಿ ಹೋಯಿತು. ಉಟ್ಟವರು ಯಾರೂ ಇಲ್ಲ. ಅರ್ಧಕ್ಕರ್ಧ ಸೀರೆಗಳು ಮುಂದಿನ ವರ್ಷ ಕೌದಿಯ ಒಳಗೆ ಸೇರಿದವು. ಮಗ್ಗದ ಮೇಲೆ ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕಿ ಕೂಡಿಸುವ ಕೆಲಸ ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳದು. ಅಂಥ ಮನೆಯವರೇ ಲಗ್ನಕ್ಕೆ ಪೇಟೆಯ ಸೀರೆ ಹಂಚಿದರೆ ಯಾರಿಗೆ ಹೇಳುವುದು? ನನ್ನ ಮಗನ ಲಗ್ನದಲ್ಲಿ ಆಯೇರಿ ಸ್ವೀಕರಿಸುವುದಿಲ್ಲ ಎಂದು ಪತ್ರಿಕೆಯಲ್ಲೇ ಅಚ್ಚು ಹಾಕಿಸಿ, ಬಂದ ಮುತ್ತೈದೆಯರಿಗೆ ತಲಾ ಒಂದು ಗುಳೇದಗುಡ್ಡದ ಖಣ ಉಡಿ ತುಂಬಿ ಕಳಿಸಿದೆ.

ಜಮಖಂಡಿಯ ತಂದೆ: ಸ್ವೀಕರಿಸುವುದಿಲ್ಲ ಎಂದರೆ, ನಾನು ಇಷ್ಟು ವರ್ಷ ಊರೂರಿನ ಲಗ್ನಗಳಲ್ಲಿ ಮಾಡಿದ ಆಯೇರಿ ತಿರುಗಿ ಬರುವುದು ಯಾವಾಗ? ನಮ್ಮ ಮನೆಯಲ್ಲಿ ಅದರ ವಹಿಯೇ ಇದೆ.

ಇಳಕಲ್ಲಿನ ನೇಕಾರರ ಮನೆಯವಳು: ಅಣ್ಣನವರೇ, ಅದನ್ನು ಬಡ್ಡಿ ವ್ಯವಹಾರ ಎನ್ನುತ್ತಾರೆ, ಲಗ್ನ ಎನ್ನುವುದಿಲ್ಲ.

ಹುನಗುಂದದವ: ಸರಿಯಾದ ಮಾತು.

ಜಮಖಂಡಿಯ ತಂದೆ: ಮಠದ ತಾಳಿ ಕಟ್ಟಿದವರಿಗೆ ಹಾಗೆಯೇ ಅನ್ನಿಸುತ್ತದೆ.

ಹುನಗುಂದದವ: ಈ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಿ ಕಾಕಾ. ವಯಸ್ಸಿಗೆ ಮರ್ಯಾದೆ ಕೊಟ್ಟು ಇಷ್ಟಕ್ಕೇ ನಿಲ್ಲಿಸುತ್ತಿದ್ದೇನೆ.

ವಿಜಯಪುರದ ವಧು: ಹಿರಿಯರೆಲ್ಲರಿಗೂ ಶರಣು. ಆಯೇರಿ ಬೇಡ ಎಂದು ಅಚ್ಚು ಹಾಕಿಸುವುದು ಅವ್ವನಿಗೂ ಒಪ್ಪಿಗೆಯಾಯಿತು. ಕಾಯ್ದೆಯ ಪ್ರಕಾರ ನೋಂದಣಿಯನ್ನು ಲಗ್ನದ ನಂತರ ಮಾಡಿಸುತ್ತೇವೆ. ಆದರೆ ವೈಶಾಖದ ಬಿಸಿಲಿನಲ್ಲಿ 200 ಜನರನ್ನು ಹಂದರದ ಕೆಳಗೆ ಕೂಡಿಸಬಹುದೇ, ಎಷ್ಟು ರೊಟ್ಟಿ ಹೇಳಬೇಕು ಎಂಬುದನ್ನು ಯಾರೂ ತಿಳಿಸಲಿಲ್ಲ.

ಜಮಖಂಡಿಯ ತಂದೆ: ಅಕ್ಕಿಕಾಳನ್ನು ಬೆಳಿಗ್ಗೆ 9ರೊಳಗೆ ಹಾಕಿಸು, 11ಕ್ಕೆ ಮೊದಲ ಪಂಕ್ತಿ ಏಳಬೇಕು. ಶಾಮಿಯಾನಕ್ಕೆ ಗಾಳಿಯ ಬದಿಗೆ ಎರಡು ಹಗ್ಗ ಹೆಚ್ಚಿಗೆ ಕಟ್ಟಿಸು, ಮುಂಗಡ ಕೊಡುವಾಗಲೇ ಹರಿದರೆ ಯಾರ ಹೊಣೆ ಎಂದು ಬರೆಸಿಕೋ. 200 ಜನ ಎಂದು ನೀನು ಹೇಳಿದರೂ 300 ಎಂದೇ ತಿಳಿದು 700 ರೊಟ್ಟಿ ಹೇಳು. ಒಣಗಿಸಿದ ಕಟಕ ರೊಟ್ಟಿಯಾದರೆ ಉಳಿದರೂ ಕೆಡುವುದಿಲ್ಲ.

ಬೆಳಗಾವಿಯ ಸೊಸೆ: ಅವಳು ಕರೆದದ್ದು 200 ಜನರನ್ನು. ಬಾಗಿಲಲ್ಲಿ ಒಬ್ಬರನ್ನು ನಿಲ್ಲಿಸಿದರೆ 500 ಸಾಕು.

ಜಮಖಂಡಿಯ ತಂದೆ: ಹಸಿದು ಬಂದವರನ್ನು ಹಂದರದ ಬಾಗಿಲಲ್ಲಿ ತಡೆಯುವ ಪದ್ಧತಿ ನಮ್ಮ ಕಡೆ ಇಲ್ಲ ಅಕ್ಕನವರೇ. 700 ಹೇಳು ಮಗಳೇ.