ಪ್ರೀಗ್ಯಾಬಲಿನ್ ಕೊಟ್ಟರೂ ಅಂಗಾಲು ಉರಿ ನಿಂತಿಲ್ಲ, ಮುಂದೇನು?

ಪ್ರಶ್ನೆ (ತಾಲ್ಲೂಕು ಆಸ್ಪತ್ರೆ ವೈದ್ಯೆ)

62ರ ಮಹಿಳೆ, 14 ವರ್ಷದ ಸಕ್ಕರೆ ಕಾಯಿಲೆ. ಅದಕ್ಕೆ ಮೆಟ್‌ಫಾರ್ಮಿನ್, ಬಿಪಿಗೆ ಆಮ್ಲೋಡಿಪಿನ್. ರಾತ್ರಿ ಎರಡೂ ಅಂಗಾಲು ಉರಿ, ಇರುವೆ ಹರಿದ ಹಾಗೆ. ಹೊದಿಕೆ ತಗುಲಿದರೂ ಆಗದು. ಕ್ರಿಯಾಟಿನಿನ್ ಕ್ಲಿಯರೆನ್ಸ್ (ಕಿಡ್ನಿ ರಕ್ತ ಸೋಸುವ ವೇಗ) ನಿಮಿಷಕ್ಕೆ 48 ಮಿ.ಲೀ. ಪ್ರೀಗ್ಯಾಬಲಿನ್ (ನರದ ನೋವಿನ ಔಷಧಿ) 75 ಮಿ.ಗ್ರಾಂ, ಮೀಥೈಲ್‌ಕೋಬಾಲಮಿನ್ (ಬಿ12 ವಿಟಮಿನ್) 1500 ಮೈಕ್ರೋಗ್ರಾಂ ಸೇರಿದ ಮಾತ್ರೆ ಬೆಳಗ್ಗೆ–ರಾತ್ರಿ, ಆರು ವಾರದಿಂದ. ಉರಿ ಸ್ವಲ್ಪವೇ ಇಳಿದಿದೆ. ಹಗಲೆಲ್ಲ ತೂಕಡಿಕೆ, ಕಾಲು ಬಾವು. ಮಧ್ಯೆ ಮೆಡಿಕಲ್‌ನಿಂದ ಡೈಕ್ಲೋಫೆನಾಕ್ (ನೋವಿನ ಮಾತ್ರೆ) ತಂದು ನುಂಗುತ್ತಾರೆ. ಡೋಸ್ ಏರಿಸಲೇ, ಔಷಧಿ ಬದಲಿಸಲೇ?

ಉತ್ತರ 1 (ನೋವು ಚಿಕಿತ್ಸಾ ತಜ್ಞ)

ಏರಿಸಬೇಡಿ ಮೇಡಂ. ಪ್ರೀಗ್ಯಾಬಲಿನ್ ಹೊರಹೋಗುವುದು ಕಿಡ್ನಿಯಿಂದಲೇ. ಕ್ಲಿಯರೆನ್ಸ್ 30–60 ಇದ್ದವರಿಗೆ ಮಾಮೂಲಿ ಡೋಸಿನ ಅರ್ಧವೇ ಲೆಕ್ಕ. ಇವರಿಗೆ ದಿನಕ್ಕೆ 150 ಅಂದರೆ ಹೆಚ್ಚುಕಡಿಮೆ 300 ಕೊಟ್ಟ ಹಾಗೆ. ಮೊದಲು ಡೈಕ್ಲೋಫೆನಾಕ್ ಬಿಡಿಸಿ. ನರದ ಉರಿಗೆ ಅದರಿಂದ ಉಪಯೋಗವಿಲ್ಲ, ಕಿಡ್ನಿಗೆ ಪೆಟ್ಟು. ಕಿಡ್ನಿ ಕುಗ್ಗಿದಷ್ಟೂ ಪ್ರೀಗ್ಯಾಬಲಿನ್ ಮೈಯಲ್ಲೇ ಉಳಿದು ತೂಕಡಿಕೆ ಜಾಸ್ತಿ. ಕಾಲಿನ ಊತಕ್ಕೆ ಆಮ್ಲೋಡಿಪಿನ್ನೂ ಪಾಲುದಾರ.

ಬೆಳಗಿನ ಮಾತ್ರೆ ನಿಲ್ಲಿಸಿ, ರಾತ್ರಿಯ 75 ಇರಲಿ. ಜೊತೆಗೆ ಡುಲಾಕ್ಸೆಟಿನ್ (ನರದ ನೋವಿಗೂ ಕೊಡುವ ಖಿನ್ನತೆಯ ಔಷಧಿ) 30 ಮಿ.ಗ್ರಾಂ, ಊಟವಾದ ಮೇಲೆ, ಒಂದು ವಾರ; ಆಮೇಲೆ 60. ಮೊದಲ ಕೆಲವು ದಿನ ವಾಕರಿಕೆ ಬರಬಹುದು, ಮೊದಲೇ ಹೇಳದಿದ್ದರೆ ಅವರೇ ನಿಲ್ಲಿಸಿಬಿಡುತ್ತಾರೆ. ಕ್ಯಾಪ್ಸೂಲ್ ಬಿಚ್ಚಿ ನೀರಿಗೆ ಕಲಸಬಾರದು. ಬಿಪಿ ನೋಡುತ್ತಿರಿ. ಕ್ಲಿಯರೆನ್ಸ್ 30ರ ಕೆಳಗಿದ್ದರೆ ಡುಲಾಕ್ಸೆಟಿನ್ ಬೇಡ. 60ಕ್ಕೆ ಬಂದು ನಾಲ್ಕು ವಾರವಾದರೂ ಆಗದೆ ತೀರ್ಮಾನಕ್ಕೆ ಬರಬೇಡಿ.

ಅಮಿಟ್ರಿಪ್ಟಿಲಿನ್ (ಇದೂ ನರದ ನೋವಿಗೆ ಕೊಡುವ ಔಷಧಿ) ಅಗ್ಗ, ರಾತ್ರಿ 10 ಮಿ.ಗ್ರಾಂನಿಂದ ಶುರು. ಆದರೆ ಈ ವಯಸ್ಸಿಗೆ ಇಸಿಜಿ ನೋಡದೆ ಬರೆಯುವುದು ನನಗೆ ಒಪ್ಪಿಗೆಯಿಲ್ಲ. ಗ್ಲಾಕೋಮಾ (ಕಣ್ಣಿನ ಒತ್ತಡದ ಕಾಯಿಲೆ) ಇದೆಯೇ ಅಂತಲೂ ಕೇಳಿ. ಸಕ್ಕರೆ ಕಾಯಿಲೆಯ ನರದ ನೋವಿನ ಔಷಧಿಗಳನ್ನು ಹೋಲಿಸಿದ 2022ರ ಆಪ್ಷನ್-ಡಿಎಂ ಅಧ್ಯಯನದಲ್ಲಿ ಈ ಮೂರರಲ್ಲಿ ಯಾವುದರಿಂದ ಶುರು ಮಾಡಿದರೂ ಫಲ ಸರಿಸುಮಾರು ಒಂದೇ. ಒಂದು ಸಾಲದವರಿಗೆ ಎರಡನೆಯದು ಸೇರಿಸಿದಾಗ ಇನ್ನಷ್ಟು ಇಳಿಯಿತು.

ಉತ್ತರ 2 (ಫಿಸಿಷಿಯನ್)

ಬಿ12 ಮರೆಯಬೇಡಿ, ಮೆಟ್‌ಫಾರ್ಮಿನ್ ಅಷ್ಟು ವರ್ಷ ತಿಂದವರಲ್ಲಿ ಅದು ಕಡಿಮೆಯಾಗಿಯೂ ನರ ಉರಿಯಬಹುದು. ತೊಡಕೇನೆಂದರೆ, ಆರು ವಾರದಿಂದ ದಿನಕ್ಕೆರಡು ಸಲ 1500 ಮೈಕ್ರೋಗ್ರಾಂ ಒಳಗೆ ಹೋಗುತ್ತಿದೆ. ಈಗ ರಕ್ತ ಪರೀಕ್ಷೆ ನಾರ್ಮಲ್ ಬಂದರೆ ನಂಬುವ ಹಾಗಿಲ್ಲ. ಹಳೇ ರಿಪೋರ್ಟ್ ಇದ್ದರೆ ಹುಡುಕಿಸಿ. ಈ ಮಿಶ್ರ ಮಾತ್ರೆಗಳ ತಲೆನೋವೇ ಇದು.

ಉತ್ತರ 3 (ಪಾದ ಚಿಕಿತ್ಸೆ)

10 ಗ್ರಾಂ ಮೊನೊಫಿಲಮೆಂಟ್ (ಸ್ಪರ್ಶ ಪರೀಕ್ಷಿಸುವ ನೈಲಾನ್ ಎಳೆ) ಹಚ್ಚಿ ನೋಡಿ: ಕಣ್ಣು ಮುಚ್ಚಿಸಿ, ಎಳೆ ಬಾಗುವಷ್ಟು ಒತ್ತಿ, ಒಂದೆರಡು ಸೆಕೆಂಡು ಸಾಕು, ಗಟ್ಟಿಯಾದ ಚರ್ಮದ (ಆಣಿಯ) ಮೇಲೆ ಬೇಡ. ಉರಿ ಇದೆ ಅಂದಮಾತ್ರಕ್ಕೆ ಸ್ಪರ್ಶ ಇದೆ ಅಂತಲ್ಲ. ಬಿಸಿನೀರಿನ ಶಾಖ ಕೊಡುತ್ತಿದ್ದರೆ ಇಂದೇ ನಿಲ್ಲಿಸಿ. ಬೊಬ್ಬೆ ಎದ್ದದ್ದೂ ಗೊತ್ತಾಗುವುದಿಲ್ಲ.

ಪ್ರಶ್ನೆ ಕೇಳಿದವರು

ಉರಿ ತಡೆಯದ ದಿನ ಟ್ರಮಡಾಲ್ (ಬಲವಾದ ನೋವಿನ ಮಾತ್ರೆ) ಕೊಡಬಹುದೇ?

ಉತ್ತರ 1

ಡುಲಾಕ್ಸೆಟಿನ್ ಜೊತೆ ಬೇಡ, ಸೆರೊಟೋನಿನ್ ಸಿಂಡ್ರೋಮ್ (ನಡುಕ, ಜ್ವರ, ಗೊಂದಲ ತರುವ ಸ್ಥಿತಿ) ಅಪಾಯ. ಪೂರ್ತಿ ವಾಸಿ ಮಾಡುತ್ತೇವೆ ಅನ್ನಲೂಬೇಡಿ. ಹತ್ತಕ್ಕೆ ಎಂಟಿದ್ದ ಉರಿ ನಾಲ್ಕಕ್ಕೆ ಇಳಿದು ನಿದ್ದೆ ಬಂದರೆ ಔಷಧಿ ಹಿಡಿದಿದೆ ಅಂತಲೇ ಲೆಕ್ಕ.