ಅಮ್ಮ ಗೇಟು ದಾಟುತ್ತಿಲ್ಲ, ಹೇಗೆ ನಡೆಸಲಿ?

ಪ್ರಶ್ನೆ (ದಾವಣಗೆರೆಯಿಂದ)

ಎಲ್ಲರಿಗೂ ನಮಸ್ಕಾರ. ನಮ್ಮಮ್ಮನಿಗೆ 61 ವರ್ಷ. ಶುಗರ್ ಇದೆ, ಮಾತ್ರೆ ತಗೊಳ್ತಾರೆ. ಎರಡೂ ಮಂಡಿ ನೋವು. ಎಕ್ಸ್‌ರೇ ನೋಡಿದ ಡಾಕ್ಟರು ಸವೆತ ಶುರುವಾಗಿದೆ, ಆಪರೇಷನ್ ಮಾತು ಈಗ ಬೇಡ, ದಿನಾ ವಾಕಿಂಗ್ ಮಾಡಿಸಿ ಅಂದರು. ಅಮ್ಮ ಮಾತ್ರ ಒಲ್ಲೆ ಅಂತಾರೆ. ಒಂದಿನ ಬೀದಿನಾಯಿ, ಒಂದಿನ ಬಿಸಿಲು, ಇನ್ನೊಂದಿನ "ನಡೆದರೆ ಇರೋ ಮಂಡಿನೂ ಸವೆದುಹೋಗುತ್ತೆ". ಕುಂದುವಾಡ ಕೆರೆಗೆ ಅವರ ವಯಸ್ಸಿನವರು ಎಷ್ಟೋ ಜನ ಬರ್ತಾರೆ, ನಾನೂ ಜೊತೆಗೆ ಬರ್ತೀನಿ ಅಂದರೂ ಕೇಳಲ್ಲ. ಒಬ್ಬರೇ ಸಂತೆಗೆ ಹೋಗಿ ಎರಡು ಚೀಲ ತರಕಾರಿ ಹೊತ್ತು ತರ್ತಿದ್ದ ಹೆಂಗಸು ಅವರು. ಬೈದು ಎಬ್ಬಿಸೋಕೆ ನನಗೆ ಮನಸ್ಸಿಲ್ಲ. ಏನು ಮಾಡಲಿ?

ಉತ್ತರ (ಫಿಸಿಯೋಥೆರಪಿಸ್ಟ್, ಹುಬ್ಬಳ್ಳಿ)

ಮೊದಲು ಮಂಡಿಯ ಭಯ ಬಿಡಿಸಿ. ಕೀಲಿನ ಮೃದ್ವಸ್ಥಿಗೆ, ಅಂದರೆ ಮೂಳೆ ತುದಿಗಿರೋ ಮೆತ್ತನೆ ಹೊದಿಕೆಗೆ, ರಕ್ತನಾಳ ಇಲ್ಲ. ಕೀಲು ಆಡಿದಾಗ ಒಳಗಿನ ದ್ರವದಿಂದಲೇ ಅದಕ್ಕೆ ಪೋಷಣೆ. ಕೂತೇ ಇದ್ದರೆ ತೊಡೆಯ ಮುಂಭಾಗದ ಸ್ನಾಯು ಸೊರಗುತ್ತೆ, ಆಗ ಭಾರವೆಲ್ಲ ಮಂಡಿ ಮೇಲೆ ಬೀಳುತ್ತೆ.

ರಸ್ತೆ ಆಮೇಲೆ, ಮನೆಯಲ್ಲೇ ಶುರು ಮಾಡಿ. ಎತ್ತರದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ, ಬೇಕಿದ್ದರೆ ಮೇಲೊಂದು ದಿಂಬು. ನಿಧಾನಕ್ಕೆ ಎದ್ದು ನಿಂತು, ಅಷ್ಟೇ ನಿಧಾನಕ್ಕೆ ಕೂರಲಿ. ಐದು ಸಲ ಆದರೂ ಸಾಕು. ಸ್ವಲ್ಪ ನೋವು ಬಂದು ಮರುದಿನದೊಳಗೆ ಇಳಿದರೆ ತೊಂದರೆ ಇಲ್ಲ. ಇಳಿಯದಿದ್ದರೆ, ಊತ ಬಂದರೆ, ಕಡಿಮೆ ಮಾಡಿ.

ವಾರಕ್ಕೆ 150 ನಿಮಿಷ ಅನ್ನೋದು ಗುರಿ. ಒಂದೇ ಉಸಿರಿಗೆ ಇಷ್ಟು ನಿಮಿಷ ನಡೆದರಷ್ಟೇ ಲೆಕ್ಕ ಅನ್ನೋ ನಿಯಮವನ್ನು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲೇ ಕೈಬಿಟ್ಟಿದೆ. ಊಟ ಆದ ಮೇಲೆ ಹಜಾರದಲ್ಲೇ ಹತ್ತು ನಿಮಿಷ ಓಡಾಡಿದರೂ ಶುಗರ್‌ಗೆ ಒಳ್ಳೆಯದು. ಶುಗರ್‌ಗೆ ಗ್ಲಿಮೆಪಿರೈಡ್‌ನಂಥ ಮಾತ್ರೆ ಇದ್ದರೆ ಬರೀ ಹೊಟ್ಟೆಯಲ್ಲಿ ನಡೆಯೋದು ಬೇಡ, ಶುಗರ್ ಇಳಿದುಬಿಡಬಹುದು. ರಾತ್ರಿ ಅಂಗಾಲು ನೋಡಿ, ಗುಳ್ಳೆ ಎದ್ದಿದ್ದು ಅವರಿಗೆ ಗೊತ್ತಾಗದೆ ಇರಬಹುದು.

ಉತ್ತರ (ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕಿ, ಮೈಸೂರು)

ತಂಗಿ, ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ನಿನ್ನ ಪ್ರಶ್ನೆಯಲ್ಲಿ ನನಗೆ ಕಂಡಿದ್ದು ಬೇರೆ. ದಿನಕ್ಕೊಂದು ಕಾರಣ ಹೇಳ್ತಾರೆ ಅಂದರೆ, ಬಾಯಿಬಿಟ್ಟು ಹೇಳೋಕಾಗದ ಕಾರಣ ಇನ್ನೊಂದು ಇರಬಹುದು. ನಮ್ಮ ಬಡಾವಣೆ ಪಾರ್ಕಿನಲ್ಲಿ ಹೆಂಗಸರಿಗೆ ವ್ಯಾಯಾಮ ಹೇಳಿಕೊಡ್ತೀನಿ. ಬರದೇ ಉಳಿದವರ ಮನೆಗೆ ಹೋಗಿ ಕೂತು ಮಾತಾಡಿದಾಗ ಮತ್ತೆ ಮತ್ತೆ ಹೊರಬಿದ್ದಿದ್ದು ಒಂದೇ ಸಂಗತಿ: ಮೂತ್ರ ತಡೆಯೋಕಾಗಲ್ಲ. ಕೆಮ್ಮಿದರೆ, ಸೀನಿದರೆ, ಬೇಗ ಹೆಜ್ಜೆ ಹಾಕಿದರೆ ಸೀರೆ ಒದ್ದೆ. ದಾರಿಯಲ್ಲಿ ಎಲ್ಲಿಗೆ ಹೋಗೋದು? ಮಗನ ಹತ್ತಿರ ಹೇಳಲ್ಲ, ಗಂಡು ಡಾಕ್ಟರ ಹತ್ತಿರ ಅಂತೂ ಹೇಳೋದೇ ಇಲ್ಲ. ನೀರು ಕುಡಿಯೋದನ್ನೇ ಬಿಟ್ಟಿರ್ತಾರೆ. ಶುಗರ್ ಇದ್ದರೆ ಈ ಕಾಟ ಇನ್ನೂ ಜಾಸ್ತಿ.

ನೀನು ಮಗಳು, ನೀನೇ ಕೇಳು. ನಾಲ್ಕು ಜನರ ಎದುರಿಗಲ್ಲ. ಹೌದು ಅಂದರೆ ಅದಕ್ಕೂ ವ್ಯಾಯಾಮ ಇದೆ. ಮೂತ್ರ, ಗಾಳಿ ಎರಡನ್ನೂ ತಡೆಹಿಡಿಯೋ ಹಾಗೆ ಒಳಗಿನ ಸ್ನಾಯು ಬಿಗಿಹಿಡಿದು, ಐದು ಎಣಿಸಿ, ಪೂರ್ತಿ ಸಡಿಲ ಬಿಡಬೇಕು. ಎಂಟು ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಉಸಿರು ಕಟ್ಟಬಾರದು, ಮೂತ್ರ ಮಾಡುವಾಗ ಅಭ್ಯಾಸ ಮಾಡಬಾರದು. ಮೂರು ತಿಂಗಳಾದರೂ ಬಿಡದೆ ಮಾಡಬೇಕು. ಜೊತೆಗೆ ಲೇಡಿ ಡಾಕ್ಟರಿಗೊಮ್ಮೆ ತೋರಿಸು, ಸೋಂಕಿದೆಯೋ ನೋಡಬೇಕು.

ಇದನ್ನು ಸೋಮಾರಿತನ ಅಂದರೆ ನನಗೆ ಸಿಟ್ಟು ಬರುತ್ತೆ. 2022ರ ಅಂದಾಜಿನಂತೆ ನಮ್ಮ ದೇಶದಲ್ಲಿ ಸಾಕಷ್ಟು ದೈಹಿಕ ಚಟುವಟಿಕೆ ಇಲ್ಲದವರು ಗಂಡಸರಲ್ಲಿ ಶೇ 42, ಹೆಂಗಸರಲ್ಲಿ ಶೇ 57. ಇಷ್ಟೊಂದು ಹೆಂಗಸರು ಸೋಮಾರಿಗಳಾ?

ಉತ್ತರ (ತುಮಕೂರು)

ನನಗೆ ಪೋಲಿಯೊದಿಂದ ಒಂದು ಕಾಲಿಗೆ ಬಲ ಇಲ್ಲ. ವಾಕಿಂಗ್ ಅನ್ನೋ ಒಂದೇ ಮಾತಿಗೆ ಅಂಟಿಕೊಳ್ಳಬೇಡಿ ಅಂತ ಹೇಳೋಕೆ ಬಂದೆ. ಕೂತಲ್ಲೇ ಅರ್ಧ ಲೀಟರ್ ನೀರಿನ ಬಾಟಲಿ ಎರಡು ಹಿಡಿದು ತೋಳು ಎತ್ತಿ ಇಳಿಸಿದರೂ ಮೈ ಬೆಚ್ಚಗಾಗುತ್ತೆ. ಮಾತಾಡೋಕೆ ಆಗಬೇಕು, ಹಾಡೋಕೆ ಉಸಿರು ಸಾಲಬಾರದು, ಅಷ್ಟು ಜೋರಿದ್ದರೆ ಸಾಕು.

ಪ್ರಶ್ನೆ ಕೇಳಿದವರು

ಮೇಡಂ, ನಿನ್ನೆ ಸೊಪ್ಪು ಬಿಡಿಸ್ತಾ ಇಬ್ಬರೇ ಇದ್ದಾಗ ಕೇಳಿದೆ. ತಲೆ ಎತ್ತಲಿಲ್ಲ. "ನಿನಗ್ಯಾರು ಹೇಳಿದ್ರು" ಅಂದರು. ಆಮೇಲೆ ಎಲ್ಲಾ ಹೇಳಿದರು. ಅತ್ತಿಗೆಯ ತಮ್ಮನ ಮದುವೆಗೆ ಬರದೇ ಇದ್ದದ್ದೂ ಇದಕ್ಕೇ ಅಂತೆ, ನಾವೆಲ್ಲ ಮಂಡಿನೋವು ಅಂದುಕೊಂಡಿದ್ವಿ. ಗುರುವಾರ ಲೇಡಿ ಡಾಕ್ಟರ ಹತ್ತಿರ ಕರ್ಕೊಂಡು ಹೋಗ್ತಿದೀನಿ. ಕುರ್ಚಿಯದ್ದು ಇವತ್ತು ಮಾಡಿದರು, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು. ಒಂದು ಅನುಮಾನ: ಏಳುವಾಗ ಕೈ ಊರಿಕೊಂಡರೆ ತಪ್ಪಾ?

ಉತ್ತರ (ಮೈಸೂರು)

ತಪ್ಪೇನಿಲ್ಲ, ಊರಿಕೊಳ್ಳಲಿ. ಮೊದಲು ಎರಡು ಕೈ, ಬಲ ಬಂದ ಮೇಲೆ ಒಂದು ಕೈ, ಆಮೇಲೆ ತಾವೇ ಬಿಡ್ತಾರೆ. ಏಳುವಾಗ ಉಸಿರು ಹೊರಗೆ ಬಿಡಲಿ, ಆ ಒಳಗಿನ ಸ್ನಾಯುವನ್ನೂ ಆಗಲೇ ಬಿಗಿ ಹಿಡಿಯಲಿ. ಪ್ಲಾಸ್ಟಿಕ್ ಕುರ್ಚಿ ಮಾತ್ರ ಬೇಡ ತಂಗಿ, ಟೈಲ್ಸ್ ಮೇಲೆ ಜಾರುತ್ತೆ.